ಬಳ್ಳಾರಿ ಬಿಸಿಲು, ಕರಿ ಗಿಟಾರು: ನನ್ನ ಅನುಭವ

"ಇದು ಗಿಟಾರ್ ಅಲ್ಲಪ್ಪ ತಮ್ಮ, ಬಕೆಟ್ಟು."

ನಮ್ಮ ಹಾರ್ಮೋನಿಯಂ ಮಾಸ್ತರು ಮೊದಲ ದಿನ ಹೇಳಿದ ಮಾತಿದು. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕನ್ನಡಕ ಮೇಲೆತ್ತಿ, "ಎಷ್ಟು ಕೊಟ್ಟಿ?" ಅಂದರು. ನಾನು ಅರ್ಧ ಬೆಲೆ ಹೇಳಿದೆ. ಅಷ್ಟಕ್ಕೇ ತಲೆ ಮೇಲೆ ಕೈ ಇಟ್ಟುಕೊಂಡರು. ಪೂರ್ತಿ ಹೇಳಿದ್ದರೆ ಅವತ್ತು ರಿಹರ್ಸಲ್ ಆಗುತ್ತಿರಲಿಲ್ಲ.

ಮೂರು ಬೇಸಿಗೆ ಕಳೆದಿವೆ. ಆ ಬಕೆಟ್ಟು, ಅಂದರೆ ಮರದ ಬದಲು ಕಾರ್ಬನ್ ಫೈಬರ್ (ಇಂಗಾಲದ ಎಳೆ) ಮೈಯಿರುವ ನನ್ನ ಕರಿ ಗಿಟಾರು, ಇನ್ನೂ ನನ್ನ ಹೆಗಲ ಮೇಲೇ ಇದೆ. ಇದು ನಡೆಯಲ್ಲ ಅಂದವರಿಗೆಲ್ಲ ಒಬ್ಬೊಬ್ಬರಾಗಿ ಉತ್ತರ ಹೇಳಿ ಸಾಕಾಗಿದೆ. ಅದಕ್ಕೆ ಒಂದೇ ಸಲ ಬರೆದುಬಿಡೋಣ ಅನಿಸಿತು.

ನನಗೆ ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ. ರಜೆ ಸಿಕ್ಕಾಗ ಐದು ಜನರ ತಂಡ ಕಟ್ಟಿಕೊಂಡು ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆ ಮದುವೆ, ಜಾತ್ರೆ ಅಂತ ತಿರುಗುತ್ತೇವೆ. ತತ್ವಪದ, ದಾಸರ ಪದ, ಭಾವಗೀತೆ, ಊಟ ಆದಮೇಲೆ ಸಿನಿಮಾ ಹಾಡು. ಈ ತಿರುಗಾಟದಲ್ಲಿ ನಮ್ಮ ಬಿಸಿಲು ಎರಡು ಮರದ ಗಿಟಾರ್ ತಿಂದಿದೆ. ಮೊದಲನೆಯದು ಒಂಬತ್ತು ಸಾವಿರದ ಪ್ಲೈವುಡ್. ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಮದುವೆ ಊಟಕ್ಕೆ ಕೂತೆ. ವಾಪಸ್ ಬಂದು ನೋಡಿದರೆ ಬ್ರಿಡ್ಜ್ (ಮೈ ಮೇಲೆ ತಂತಿ ಕಟ್ಟುವ ಪಟ್ಟಿ) ಹಿಂದಿನಿಂದ ಎದ್ದು ನಿಂತಿತ್ತು. ಹೋಳಿಗೆ ತಿಂದು ಮುಗಿಸುವಷ್ಟರಲ್ಲಿ ಅಂಟು ಕರಗಿತ್ತು. ಎರಡನೆಯದು ಇಪ್ಪತ್ತಾರು ಸಾವಿರದ್ದು, ಮೇಲ್ಹಲಗೆ ಒಂದೇ ಪದರದ ಸ್ಪ್ರೂಸ್ ಮರ. ಮಾರ್ಚ್ ಬಂತೆಂದರೆ ಅದು ಒಣಗಿ ಒಳಕ್ಕೆ ಕುಸಿಯುವುದು, ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ತುದಿಗಳು ಅಂಗೈಗೆ ಗೀರುವುದು. ಆಗಸ್ಟ್‌ನಲ್ಲಿ ಉಬ್ಬಿ ತಂತಿ ಮೇಲಕ್ಕೇಳುವುದು. ಸೋಪಿನ ಡಬ್ಬಿಗೆ ತೂತು ಕೊರೆದು ಒದ್ದೆ ಸ್ಪಂಜ್ ಇಟ್ಟೂ ನೋಡಿದೆ. ಬೆಳಿಗ್ಗೆ ಇಟ್ಟಿದ್ದು ಸಂಜೆಗೆ ಹಪ್ಪಳ. ಮಳೆಗಾಲದಲ್ಲಿ ಒಮ್ಮೆ ಅದನ್ನು ತೆಗೆಯಲು ಮರೆತೆ, ಒಳಗೆಲ್ಲ ಬೂಸ್ಟು ಬಂತು. ವರ್ಷಕ್ಕೆ ಎರಡು ಸಲ ಬೆಂಗಳೂರಿಗೆ ಒಯ್ದು ಸೆಟಪ್, ಅಂದರೆ ತಂತಿ ಎತ್ತರ, ಕತ್ತು ಸರಿ ಮಾಡಿಸಬೇಕು. ರೈಲು ಚಾರ್ಜು ಸೇರಿ ಸಲಕ್ಕೆ ನಾಲ್ಕೂವರೆ ಸಾವಿರ. ನಾಲ್ಕು ವರ್ಷದಲ್ಲಿ ಗಿಟಾರಿನ ಬೆಲೆಗಿಂತ ಜಾಸ್ತಿ ಅದರ ಆಸ್ಪತ್ರೆ ಖರ್ಚಾಯಿತು.

ಅದಕ್ಕೇ ಮರ ಬಿಟ್ಟು ಕಾರ್ಬನ್ ಫೈಬರ್ ಕಡೆ ತಿರುಗಿದೆ. ಆ ಹೆಸರಲ್ಲಿ ಮಾರುವುದೆಲ್ಲ ಒಂದೇ ಜಾತಿ ಅಲ್ಲ. ನೇಯ್ದ ಕಾರ್ಬನ್ ಬಟ್ಟೆಯನ್ನು ಪದರ ಪದರವಾಗಿ ಎಪಾಕ್ಸಿ ಅಂಟಿನಲ್ಲಿ ಕೂರಿಸಿದ್ದು ಒಂದು. ರೈನ್‌ಸಾಂಗ್, ಎಮರಾಲ್ಡ್ ಕಂಪನಿಗಳ ಗಿಟಾರ್ ಈ ಕಡೆಯವು. ಕಾರ್ಬನ್ ಬೆರೆಸಿದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಅನ್ನು ಅಚ್ಚಿಗೆ ಹೊಯ್ದದ್ದು ಇನ್ನೊಂದು. ಎನ್ಯಾ ಕಂಪನಿಯ ನೋವಾ ಗೋ ಆ ಕಡೆಯದು. ಎರಡೂ ಬಿಸಿಲು ತಡೆಯುತ್ತವೆ, ಬೆಲೆ ಮಾತ್ರ ಅಜಗಜಾಂತರ. ನನಗೆ ನೇಯ್ದದ್ದೇ ಬೇಕಿತ್ತು. ಕಾರಣ ಕೇಳಿದರೆ ನಾದ ಅನ್ನುತ್ತೇನೆ. ನಿಜ ಹೇಳಬೇಕೆಂದರೆ ಆ ಕರಿ ನೇಯ್ಗೆ ಬೆಳಕಿಗೆ ಹಿಡಿದಾಗ ಇಳಕಲ್ ಸೀರೆಯ ಒಡಲಿನ ಹಾಗೆ ಮಿಂಚುತ್ತದಲ್ಲ, ಅದಕ್ಕೆ ಬಿದ್ದೆ.

ಹೊಸದನ್ನು ಹೊರದೇಶದಿಂದ ತರಿಸುವ ಲೆಕ್ಕ ಹಾಕಿದೆ. ಸಾಗಣೆ, ಸುಂಕ, ತೆರಿಗೆ ಸೇರಿಸಿದರೆ ಗಿಟಾರಿನ ಮೇಲೆ ಇನ್ನರ್ಧ ಗಿಟಾರ್. ಕೈಬಿಟ್ಟೆ. ಹತ್ತು ತಿಂಗಳು ಕಾದೆ. ಕೊನೆಗೆ ಒಂದು ಜನವರಿಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬ ವಿದೇಶಕ್ಕೆ ಹೊರಟಿದ್ದ, ಮಾರಲು ಸಿದ್ಧನಿದ್ದ. ಐವತ್ತೆಂಟು ಹೇಳಿದ, ನಲವತ್ತೇಳಕ್ಕೆ ಮುಗಿಯಿತು. ಬ್ರ್ಯಾಂಡ್ ಹೇಳುವುದಿಲ್ಲ. ಮುಂದೆ ಅದನ್ನು ಬೈಯುವುದೂ ಇದೆ, ಸುಮ್ನೆ ಯಾಕೆ. ಕೊಳ್ಳುವಾಗ ನಾನು ನೋಡಿದ್ದು ಮೂರೇ. ಮೊಬೈಲ್ ಟಾರ್ಚ್ ಒಳಗೆ ಬಿಟ್ಟು ಪದರ ಎಲ್ಲಾದರೂ ಬಿಟ್ಟುಕೊಂಡಿದೆಯಾ ಅಂತ. ಮೈಯೆಲ್ಲ ನಾಣ್ಯದಿಂದ ತಟ್ಟಿ ಎಲ್ಲಾದರೂ ಸದ್ದು ಮಂಕಾಗುತ್ತದಾ ಅಂತ. ಮತ್ತೆ ಕತ್ತು ನೇರ ಇದೆಯಾ ಅಂತ. ಇದಕ್ಕೆ ಟ್ರಸ್ ರಾಡ್ (ಕತ್ತಿನೊಳಗಿದ್ದು ಅದರ ಬಾಗು ಸರಿಮಾಡುವ ಸರಳು) ಇಲ್ಲ. ಕತ್ತು ಸೊಟ್ಟಗಿದ್ದರೆ ಅದು ಜನ್ಮಕ್ಕೆ ಸೊಟ್ಟಗೇ. ಚೌಕಾಸಿ ಮಾಡುವಾಗ ಇದನ್ನೇ ಎರಡು ಸಲ ಹೇಳಿ ಮೂರು ಸಾವಿರ ಇಳಿಸಿದೆ.

ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮೇಲಿನ ಬರ್ತಿನಲ್ಲಿ ಪಕ್ಕದಲ್ಲೇ ಮಲಗಿಸಿಕೊಂಡು ಬಂದೆ. ಮರದ ಗಿಟಾರಿದ್ದಾಗ ನಾನು ಕೂತು ಅದನ್ನು ಮಲಗಿಸಬೇಕಿತ್ತು.

ಖುಷಿ ಒಂದು ವಾರ ಇತ್ತು. ಸ್ಕೇಲ್ (ತಂತಿ ನುಡಿಯುವ ಉದ್ದ) ಸುಮಾರು ಇಪ್ಪತ್ತಮೂರು ಇಂಚು, ಮಾಮೂಲಿ ಗಿಟಾರಿಗಿಂತ ಗಿಡ್ಡ. ಹಾಕಿದ್ದ ತಂತಿ ತೆಳುವಾದ ಹನ್ನೊಂದರ ಸೆಟ್ಟು. ಇಷ್ಟು ಉದ್ದ ಕಡಿಮೆಯಾದರೆ ಅದೇ ಸ್ವರಕ್ಕೆ ಬಿಗಿತ ಐದರಲ್ಲಿ ಒಂದು ಪಾಲು ಇಳಿಯುತ್ತದೆ. ತಂತಿ ರಬ್ಬರ್ ಬ್ಯಾಂಡ್ ಆಗಿತ್ತು. ನಮ್ಮ ಗಾಯಕನ ಶ್ರುತಿ ಕಪ್ಪು ಎರಡು, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆ. ಮೂರನೇ ಫ್ರೆಟ್ಟಿಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಸಿ ಕಾರ್ಡಿನ ಆಕಾರ ಹಿಡಿದರೆ ಪ್ರತಿ ತಂತಿಯೂ ಒಂಚೂರು ಮೇಲೆ. ಮಾಸ್ತರರ ಹಾರ್ಮೋನಿಯಂ ಬೇರೆ ಮೊದಲಿಂದಲೂ ಟ್ಯೂನರ್ ತೋರಿಸುವುದಕ್ಕಿಂತ ಸ್ವಲ್ಪ ಏರು. ಹಾರ್ಮೋನಿಯಂಗೆ ಗಿಟಾರ್ ಬಗ್ಗಬೇಕು, ಅದು ಇದಕ್ಕೆ ಬಗ್ಗಲ್ಲ. ಇನ್ನೂ ದಪ್ಪನೆಯ ಹನ್ನೆರಡರ ಸೆಟ್ ಹಾಕಿದೆ, ಅರ್ಧ ಸರಿಯಾಯಿತು. ಆಮೇಲೆ ಒಂದು ತಂತಿಯನ್ನು ಮಾತ್ರ ಬೇರೆ ದಪ್ಪದ್ದಕ್ಕೆ ಬದಲಿಸಿದೆ. ಯಾವುದು, ಎಷ್ಟು ದಪ್ಪ ಅಂತ ಇಲ್ಲಿ ಹೇಳುವುದಿಲ್ಲ. ಎಂಟು ಸೆಟ್ ತಂತಿ ಹಾಳು ಮಾಡಿ ಕಂಡುಕೊಂಡದ್ದು. ನೀವೂ ಒಂದೆರಡು ಹಾಳು ಮಾಡಿ.

ದೊಡ್ಡ ಪೆಟ್ಟು ಬಿದ್ದದ್ದು ಸ್ಯಾಡಲ್‌ನಲ್ಲಿ, ಅಂದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ಸಣ್ಣ ಪಟ್ಟಿಯಲ್ಲಿ. ದಪ್ಪ ತಂತಿ ಹಾಕಿದಮೇಲೆ ತಂತಿ ಎತ್ತರವಾಯಿತು. ಟ್ರಸ್ ರಾಡ್ ಇಲ್ಲದ ಮೇಲೆ ಸ್ಯಾಡಲ್ ತಳ ಉಜ್ಜುವುದೊಂದೇ ದಾರಿ. ಮರದ ಗಿಟಾರಿಗೆ ಎಷ್ಟೋ ಸಲ ಮಾಡಿದ ಕೆಲಸ. ಅದೇ ಧೈರ್ಯದಲ್ಲಿ ಮನೆ ಕಟ್ಟೆ ಮೇಲೆ ಕೂತು, ಮರಳು ಕಾಗದ ಅಂಗೈಯಲ್ಲಿ ಹಿಡಿದು ಒಂದೂವರೆ ಮಿಲಿಮೀಟರ್ ಇಳಿಸಿದೆ. ಕೈಯಲ್ಲಿ ನುಡಿಸಿದರೆ ಬೆಣ್ಣೆ. ಎರಡು ದಿನ ಬಿಟ್ಟು ಸಿರುಗುಪ್ಪದಲ್ಲಿ ಸ್ಪೀಕರಿಗೆ ಹಾಕಿದೆ ನೋಡಿ, ನಡುವಿನ ಎರಡು ತಂತಿ ಮಾಯ! ಮೂರನೆಯದು, ನಾಲ್ಕನೆಯದು ಬಾಯಿ ಬಿಡುತ್ತಿಲ್ಲ. ತಬಲಾದವ ನನ್ನ ಕಡೆ ನೋಡುತ್ತಾನೆ, ನಾನು ಕೇಬಲ್ ಕಡೆ ನೋಡುತ್ತೇನೆ. ಇಡೀ ಕಾರ್ಯಕ್ರಮ ಬಾಸ್ ತಂತಿ, ಕೆಳಗಿನ ಎರಡು ತಂತಿಯಲ್ಲೇ ಕಳೆಯಿತು. ಮಾಸ್ತರು ಮೈಕ್ ಮುಚ್ಚಿಕೊಂಡು, "ಬಕೆಟ್ಟಿಗೆ ತೂತು ಬಿದ್ದೈತೇನೋ?" ಅಂದರು. ಅದು ಮೈಕಿನಲ್ಲಿ ಕೇಳಿಸಿತು.

ತಪ್ಪು ನನ್ನದೇ. ತಂತಿಯ ಕಂಪನವನ್ನು ಸ್ಪೀಕರಿಗೆ ಕಳಿಸುವ ಪಿಕಪ್ ಇರುವುದು ಸ್ಯಾಡಲ್ ಕೆಳಗೆ. ಅಂಗೈಯಲ್ಲಿ ಉಜ್ಜಿದ್ದರಿಂದ ಸ್ಯಾಡಲ್ಲಿನ ತಳ ನಡುವೆ ಕೂದಲೆಳೆಯಷ್ಟು ಟೊಳ್ಳಾಗಿತ್ತು. ತುದಿಗಳು ಪಿಕಪ್ ಒತ್ತುತ್ತಿದ್ದವು, ನಡುವೆ ಗಾಳಿ. ಬೆಂಗಳೂರಿನಿಂದ ಎರಡು ಮೂಳೆ ಸ್ಯಾಡಲ್ ತರಿಸಿದೆ, ಒಂದಕ್ಕೆ ಮುನ್ನೂರೈವತ್ತೋ ಏನೋ. ಈ ಸಲ ಕಿಟಕಿ ಗಾಜಿನ ತುಂಡಿಗೆ ಡಬಲ್ ಟೇಪ್ ಹಾಕಿ ಮರಳು ಕಾಗದ ಅಂಟಿಸಿದೆ. ಸ್ಯಾಡಲ್ ತಳಕ್ಕೆ ಪೆನ್ಸಿಲ್‌ನಿಂದ ಗೀಟು ಎಳೆದೆ. ಸಣ್ಣ ಮರದ ತುಂಡಿನ ಪಕ್ಕೆಗೆ ಒತ್ತಿ ಹಿಡಿದು, ಒಂದೇ ದಿಕ್ಕಿಗೆ ಎಳೆಯುತ್ತ ಹೋದೆ. ಹತ್ತು ಸಲ ಎಳೆಯುವುದು, ನೋಡುವುದು. ಪೆನ್ಸಿಲ್ ಗೀಟು ಎಲ್ಲ ಕಡೆ ಒಟ್ಟಿಗೇ ಅಳಿದರೆ ತಳ ಸಮ ಅಂತ. ಮೊದಲ ಮೂಳೆ ಅದರಲ್ಲೂ ಹಾಳಾಯಿತು. ಎರಡನೆಯದು ಇವತ್ತಿಗೂ ಕೂತಿದೆ. ಆರು ತಂತಿ, ಆರೂ ಒಂದೇ ಮನೆಯ ಮಕ್ಕಳ ಹಾಗೆ ಮಾತಾಡುತ್ತವೆ.

ಇನ್ನು ಬಿಸಿಲಿನ ವಿಷಯ. ಕಾರ್ಬನ್ ಆದರೆ ಟ್ಯೂನ್ ಕದಲಲ್ಲ ಅಂತ ಮಾರುವವರು ಹೇಳುತ್ತಾರೆ. ಅರ್ಧ ಸುಳ್ಳು. ಗಿಟಾರಿನ ಮೈ ಕದಲಲ್ಲ, ನಿಜ. ತಂತಿ ಉಕ್ಕಿನದಲ್ವಾ? ಅದು ಬಿಸಿಗೆ ಉದ್ದವಾಗುತ್ತದೆ, ಸ್ವರ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಎಸಿ ಕೋಣೆಯಲ್ಲಿ ಟ್ಯೂನ್ ಮಾಡಿ ಶಾಮಿಯಾನದ ಕೆಳಗೆ ಬಂದೆ. ಹತ್ತು ನಿಮಿಷದಲ್ಲಿ ಆರೂ ತಂತಿ ಇಪ್ಪತ್ತು ಇಪ್ಪತ್ತೈದು ಸೆಂಟ್ ಕೆಳಗೆ (ಅಕ್ಕಪಕ್ಕದ ಎರಡು ಫ್ರೆಟ್ಟಿನ ಅಂತರ ನೂರು ಸೆಂಟ್). ಅವತ್ತು ನನಗೂ ಅನುಮಾನ ಬಂತು, ನಲವತ್ತೇಳು ಸಾವಿರ ನೀರಿಗೆ ಹಾಕಿದೆನಾ ಅಂತ. ಮಾರನೇ ದಿನ ತಾರಸಿ ಮೇಲೆ ಇಟ್ಟು ಪರೀಕ್ಷೆ ಮಾಡಿದೆ. ಬೆಳಿಗ್ಗೆ ಆರಕ್ಕೆ ಒಮ್ಮೆ, ಹನ್ನೊಂದಕ್ಕೆ ಒಮ್ಮೆ, ಎರಡಕ್ಕೆ ಒಮ್ಮೆ ಟ್ಯೂನರ್ ಹಿಡಿದು ಬರೆದುಕೊಂಡೆ. ಮಧ್ಯಾಹ್ನ ಇಳಿದದ್ದು ರಾತ್ರಿ ತಣ್ಣಗಾದ ಮೇಲೆ ತಾನಾಗಿಯೇ ಬೆಳಗಿನ ಜಾಗಕ್ಕೆ ಬಂದು ನಿಂತಿತು. ತಂತಿ ಬಿಗಿಯುವ ಕಿವಿ ಮುಟ್ಟಿರಲಿಲ್ಲ. ನನ್ನ ಮರದ್ದು ಹಾಗೆ ವಾಪಸ್ ಬರುತ್ತಿರಲಿಲ್ಲ, ಅದರದು ಬೇರೆಯೇ ಲೋಕ. ಅಂದರೆ ಮಾಡಬೇಕಾದ್ದು ಇಷ್ಟೇ. ಎಲ್ಲಿ ನುಡಿಸುತ್ತೇನೋ ಆ ಗಾಳಿಯಲ್ಲಿ ಕಾಲು ಗಂಟೆ ಇಟ್ಟು, ಆಮೇಲೆ ಕಿವಿ ತಿರುವುವುದು. ಈಗ ನಾವು ಬಂದ ತಕ್ಷಣ ಅದನ್ನು ವೇದಿಕೆ ಮೇಲೆ ಬಿಳಿ ಟವಲ್ ಹೊದಿಸಿ ಕೂರಿಸುತ್ತೇನೆ. ಟವಲ್ ಇಲ್ಲದಿದ್ದರೆ ಕರಿ ಮೈ ಹಂಚಿನ ಹಾಗೆ ಕಾಯುತ್ತದೆ. ಒಂದು ಸಲ ತೊಡೆ ಸುಟ್ಟುಕೊಂಡಿದ್ದೇನೆ.

ಪಿಕಪ್ ಇದ್ದಮೇಲೆ ಗುಂಯ್ ಅನ್ನುವುದೂ ಇರುತ್ತದೆ. ಹಳ್ಳಿ ಕಡೆ ಜನರೇಟರ್, ಎರಡು ಪಿನ್ನಿನ ಎಕ್ಸ್‌ಟೆನ್ಷನ್, ಅರ್ತ್ ಅನ್ನುವುದು ದೇವರಿಗೇ ಪ್ರೀತಿ. ಗಂಗಾವತಿ ಹತ್ತಿರ ಒಂದು ಜಾತ್ರೆಯಲ್ಲಿ ತಂತಿ ಮೇಲೆ ಕೈ ಇಟ್ಟುಕೊಂಡೇ ಕೋರಸ್ ಹಾಡಲು ಮೈಕಿಗೆ ಬಾಯಿ ತಂದೆ. ತುಟಿಗೆ ಚುರ್ರ್ ಅಂತು. ಅಲ್ಲಿಂದ ಟೆಸ್ಟರ್ ಜೇಬಿನಲ್ಲೇ ಇರುತ್ತದೆ. ಮೈಕಿನ ಜಾಲರಿಗೆ ಮುಟ್ಟಿಸಿ ನೋಡದೆ ಹಾಡುವುದಿಲ್ಲ. ಮೂರೂವರೆ ಸಾವಿರ ಕೊಟ್ಟು ಡಿಐ ಬಾಕ್ಸ್ (ಗಿಟಾರಿಗೂ ಮೈಕ್‌ಸೆಟ್ಟಿಗೂ ನಡುವೆ ಕೂರುವ ಡಬ್ಬಿ) ತಂದೆ, ಗ್ರೌಂಡ್ ಲಿಫ್ಟ್ ಅನ್ನುವ ಸ್ವಿಚ್ಚು ಇರುವಂಥದ್ದು; ಗುಂಯ್ ಮುಕ್ಕಾಲು ಪಾಲು ನಿಂತಿತು. ಅರ್ತ್ ಪಿನ್ನು ಕಿತ್ತು ಹಾಕಿ ಅಂತ ಮೈಕ್‌ಸೆಟ್‌ನವರು ಸಲಹೆ ಕೊಡುತ್ತಾರೆ. ಆ ಕೆಲಸ ಮಾತ್ರ ಬೇಡ. ಸ್ಯಾಡಲ್ ಕೆಳಗಿನ ಈ ಪೀಜೋ ಪಿಕಪ್ಪಿನ ಆ ಪ್ಲಾಸ್ಟಿಕ್ ಕೊಂಕು ಸ್ವರ ಹೋಗಿಸಲು ಒಂದೂವರೆ ಎರಡು ಕಿಲೋಹರ್ಟ್ಜ್ ಸುತ್ತಮುತ್ತ ತಗ್ಗಿಸುತ್ತೇನೆ. ಎಷ್ಟು ಅಂತ ಊರೂರಿಗೆ ಬೇರೆ. ಕೇಳಿದವರಿಗೆ ನನ್ನ ಬಾಕ್ಸಿನ ಗುಂಡಿಗಳ ಫೋಟೋ ಕಳಿಸುವುದಿಲ್ಲ, ಸಿಟ್ಟಾಗಬೇಡಿ.

ನಡುವೆ ಒಂದು ಹುಚ್ಚಾಟ. ತತ್ವಪದಕ್ಕೆ ತಂಬೂರಿಯ ಝೇಂಕಾರ ಬರಲಿ ಅಂತ, ತಂಬೂರಿಗೆ ಕೊಡುವ ಹಾಗೆ ಸ್ಯಾಡಲ್ ಮೇಲೆ ಹತ್ತಿ ದಾರ ಕೊಟ್ಟು ನೋಡಿದೆ. ಸ್ಯಾಡಲ್ ಅಗಲ ಮೂರು ಮಿಲಿಮೀಟರ್, ತಂಬೂರಿಯ ಕುದುರೆಯಷ್ಟು ಜಾಗ ಎಲ್ಲಿದೆ? ಒಂದು ತಂತಿ ಝೇಂಕರಿಸಿತು, ಉಳಿದವು ಗೊರಕೆ ಹೊಡೆದವು. ದಾರ ಬಿಟ್ಟು, ತಂತಿಗಳನ್ನು ಡಿ, ಎ, ಡಿ, ಜಿ, ಎ, ಡಿಗೆ ಇಳಿಸಿ, ಮೇಲಿನ ತಂತಿಗಳನ್ನು ತೆರೆದೇ ಬಿಟ್ಟು ನುಡಿಸಿದೆ. ಏಕತಾರಿ ಹಿಡಿದು ಹಾಡುವ ಅಜ್ಜ ಒಬ್ಬರು ಅದನ್ನು ಕೇಳಿ "ಹಿಂಗ ಬಿಡು, ಬೆರಳು ಜಾಸ್ತಿ ಆಡಸಬ್ಯಾಡ" ಅಂದರು. ಇಷ್ಟು ವರ್ಷದಲ್ಲಿ ಸಿಕ್ಕ ಒಳ್ಳೆಯ ಪಾಠ ಅದೇ.

ಬ್ಯಾಗಿನ ಕತೆ ಹೇಳದಿದ್ದರೆ ಬಳ್ಳಾರಿಗೆ ಅವಮಾನ. ಇದರ ಆಕಾರಕ್ಕೆ ಒಳ್ಳೆಯ ಬ್ಯಾಗು ಆರು ಸಾವಿರ ಅಂದರು. ಜೀನ್ಸ್ ಹೊಲಿಯುವ ಊರಲ್ಲಿ ಇದ್ದುಕೊಂಡು ಆರು ಸಾವಿರವಾ? ಕೌಲ್ ಬಜಾರಿನ ಪರಿಚಯದ ಟೈಲರ್ ಹತ್ತಿರ ಹೋದೆ. ಹೊರಗೆ ದಪ್ಪ ಡೆನಿಮ್, ನಡುವೆ ಯೋಗಾ ಮ್ಯಾಟ್, ಒಳಗೆ ನನ್ನ ಹಳೇ ಪಂಚೆ. ಎಲ್ಲ ಸೇರಿ ಒಂಬೈನೂರು. ಅವನು ಅಭ್ಯಾಸಬಲದಿಂದ ಜೇಬಿನ ಮೂಲೆಗೆ ತಾಮ್ರದ ರಿವೆಟ್ ಹೊಡೆದುಬಿಟ್ಟಿದ್ದ. ಮೊದಲ ಬಸ್ ಪ್ರಯಾಣದಲ್ಲೇ ಅದು ಒಳಗೆ ತಿರುಗಿ, ಗಿಟಾರಿನ ಬೆನ್ನಿಗೆ ಬೆರಳುದ್ದ ಗೀರು. ಈಗ ರಿವೆಟ್ ಇಲ್ಲ, ಗೀರು ಇದೆ. ಬಸ್ಸಿನ ಮೇಲಿನ ರ್ಯಾಕಿನಲ್ಲಿ ಹಿಡಿಸುತ್ತದೆ, ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯುವುದಿಲ್ಲ.

ಒಟ್ಟು ಲೆಕ್ಕ ಹೇಳುತ್ತೇನೆ. ಗಿಟಾರ್ ನಲವತ್ತೇಳು, ಡಿಐ ಮೂರೂವರೆ, ತಂತಿ, ಸ್ಯಾಡಲ್ ಪ್ರಯೋಗ ಹೆಚ್ಚು ಕಡಿಮೆ ಏಳು, ಬ್ಯಾಗ್ ಒಂದು. ಐವತ್ತೆಂಟು ಐವತ್ತೊಂಬತ್ತು ಸಾವಿರ ಆಯಿತು ಅಂದುಕೊಳ್ಳಿ. ಆಮೇಲೆ ಮೂರು ಬೇಸಿಗೆಯಲ್ಲಿ ಸೆಟಪ್‌ಗೆ ಅಂತ ಒಂದು ರೂಪಾಯಿ ಕೊಟ್ಟಿಲ್ಲ. ತಂತಿ ಎತ್ತರ ಅವತ್ತು ಎಷ್ಟಿತ್ತೋ ಇವತ್ತೂ ಅಷ್ಟೇ. ಕೊರತೆ ಇಲ್ಲ ಅಂತಲ್ಲ. ಮೈಕಿಲ್ಲದೆ ನುಡಿಸಿದರೆ ಮಂದ್ರ ತೆಳು, ಪುಟ್ಟ ಮೈ ಅಲ್ವಾ. ಸಾಣಾಪುರದ ಕೆರೆ ದಂಡೆಯಲ್ಲಿ ನಾಲ್ಕು ಜನಕ್ಕೆ ಸಾಕು, ನಲವತ್ತು ಜನಕ್ಕೆ ಸಾಲದು.

ಹೋದ ತಿಂಗಳು ಮಾಸ್ತರರು ಫೋನ್ ಮಾಡಿದ್ದರು. ಕುಶಲ ವಿಚಾರಿಸಿ, ಮಳೆ ವಿಷಯ ಮಾತಾಡಿ, ಕೊನೆಗೆ ಮೆಲ್ಲಗೆ, "ನಿನ್ನ ಆ ಬಕೆಟ್ಟು, ನಮ್ಮ ಮೊಮ್ಮಗನಿಗೂ ಒಂದು ಸಿಗತದೇನಪ್ಪ? ನೀ ಹೇಳಿದ್ ರೇಟಿಗೇ ಸಿಕ್ಕರೆ ಸಾಕು" ಅಂದರು.

ಈ ಸಲ ಪೂರ್ತಿ ಬೆಲೆ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅವತ್ತೇ ಹೇಳಿದ್ದರೆ ಬಕೆಟ್ಟು ಅಂತಿರಲಿಲ್ಲಲ್ಲೋ, ಹಂಡೆ ಅಂತಿದ್ದೆ" ಅಂದು ಫೋನ್ ಇಟ್ಟರು.