ಚೆಕ್‌ರೋಲ್ ಪುಸ್ತಕದಲ್ಲಿ ಕಿಂಗ್ ಕಾಂಗ್

ಮಡಿಕೇರಿಯಲ್ಲಿ ನನ್ನದೊಂದು ಚಿಕ್ಕ ವೆಲ್ಡಿಂಗ್ ಶಾಪ್ ಇದೆ. ಜುಲೈನಲ್ಲಿ ಮಳೆ ಹಿಡಿಯಿತು ಅಂದರೆ ಗೇಟು, ಗ್ರಿಲ್ಲಿನ ಕೆಲಸ ನಿಂತೇ ಹೋಗುತ್ತದೆ. ಆಗ ಸಿದ್ದಾಪುರದ ಕಡೆ ಇರುವ ಅಕ್ಕನ ಮನೆಗೆ ಹೋಗಿ ಒಂದು ವಾರ ಇದ್ದು ಬರುತ್ತೇನೆ. ಭಾವ ಅಲ್ಲಿ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು.

ಮೂರು ವರ್ಷದ ಹಿಂದಿನ ಮಾತು. ಕರೆಂಟ್ ಹೋಗಿ ಮೂರನೇ ದಿನ. ಎಲ್ಲರ ಮೊಬೈಲೂ ಸತ್ತಿತ್ತು. ಅಕ್ಕ ಅಕ್ಕಿ ರೊಟ್ಟಿ ಬೇಯಿಸುತ್ತಿದ್ದಳು. ನಾವು ಒಲೆ ಪಕ್ಕ ಕೂತಿದ್ದೆವು. ಅಕ್ಕನ ಹುಡುಗ ಕೇಳಿದ:

"ಮಾವ, ಸಿನಿಮಾದ ರಾಕ್ಷಸ ಗಾಡ್ಜಿಲ್ಲಾಗೂ ಡೈನೋಸಾರ್ ಟಿ ರೆಕ್ಸ್‌ಗೂ ಫೈಟ್ ಆದ್ರೆ ಯಾರು ಗೆಲ್ತಾರೆ?"

"ಗಾಡ್ಜಿಲ್ಲಾನೇ. ದೊಡ್ಡದಲ್ವಾ."

"ದೊಡ್ಡದಾದ್ರೆ ಗೆದ್ದೇ ಬಿಡುತ್ತಾ? ಸೀಳುನಾಯಿ ಕಡವೆನ ಹೊಡೆದು ಹಾಕುತ್ತೆ ಅಂತ ನೀವೇ ಹೇಳಿದ್ರಿ."

ನಾನು ಬಾಯಿ ಮುಚ್ಚಿಕೊಂಡೆ. ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಅವತ್ತಿನಿಂದ ಮೂರು ಮಳೆಗಾಲ ನಾವು ಇದೇ ಲೆಕ್ಕ ಮಾಡುತ್ತಾ ಬಂದಿದ್ದೇವೆ. ನಾನು, ಆ ಹುಡುಗ, ಅವನ ತಂಗಿ. ಭಾವ ಒಂದು ಹಳೇ ಚೆಕ್‌ರೋಲ್ ಪುಸ್ತಕ ಕೊಟ್ಟರು. ಕೆಲಸದವರ ಹಾಜರಿ ಹಾಕುವ ಪುಸ್ತಕ, ಹಿಂದಿನ ಅರ್ಧ ಖಾಲಿ ಇತ್ತು. ಹೆಸರಿನ ಕಾಲಮ್ಮಿನಲ್ಲಿ ಪ್ರಾಣಿಯ ಹೆಸರು, ಮುಂದಿನ ಮನೆಗಳಲ್ಲಿ ಎತ್ತರ, ಉದ್ದ, ತೂಕ, ಆಯುಧ ಅಂತ ಬರೆದುಕೊಂಡೆವು.

ಮೊದಲು ಅಳತೆ. ಇದನ್ನು ಬಾಯಲ್ಲಿ ಹೇಳಿದರೆ ಏನೂ ಗೊತ್ತಾಗುವುದಿಲ್ಲ. ಮಳೆ ಬಿಟ್ಟ ಒಂದು ಮಧ್ಯಾಹ್ನ ಕಾಫಿ ಒಣಗಿಸುವ ಕಣದಲ್ಲಿ ಹಗ್ಗ ಹಾಸಿದೆವು. ಟಿ ರೆಕ್ಸ್ ಮೂತಿಯಿಂದ ಬಾಲದ ತುದಿವರೆಗೆ ಸುಮಾರು 12 ಮೀಟರ್. ಮೂರು ಜೀಪು ಸಾಲಾಗಿ ನಿಲ್ಲಿಸಿದಷ್ಟು. ತೂಕ 8 ಟನ್ ಅಂದರೆ 50 ಕೆ.ಜಿ.ಯ 160 ಕಾಫಿ ಮೂಟೆ. ಕಚ್ಚುವ ಬಲ 35,000 ನ್ಯೂಟನ್ ಅಂತ ಒಂದು ಲೆಕ್ಕ ಇದೆ, ಇನ್ನೂ ಜಾಸ್ತಿ ಅನ್ನುವ ಲೆಕ್ಕವೂ ಇದೆ. ನಾವು ಕಡಿಮೆಯದ್ದನ್ನೇ ಹಿಡಿದೆವು. ಅಷ್ಟಾದರೂ ಮೂರೂವರೆ ಟನ್ ಭಾರ. ಹೆಚ್ಚುಕಡಿಮೆ 70 ಮೂಟೆಯ ತೂಕ ಒಂದು ದವಡೆಯಲ್ಲಿ.

ಅದರ ದೊಡ್ಡ ಹಲ್ಲು ಬೇರು ಸೇರಿ 30 ಸೆಂಟಿಮೀಟರ್. ಒಣಗಿದ ಕಾಫಿ ಗಿಡದ ಬುಡವೊಂದನ್ನು ಕತ್ತಿಯಲ್ಲಿ ಕೆತ್ತಿ, ಗ್ರೈಂಡರ್‌ನಲ್ಲಿ ಉಜ್ಜಿ ಒಂದು ಹಲ್ಲು ಮಾಡಿಕೊಟ್ಟೆ. ಅರ್ಧಕ್ಕಿಂತ ಜಾಸ್ತಿ ಭಾಗ ದವಡೆಯೊಳಗೇ ಹುದುಗಿರುತ್ತದೆ, ಹಾಗಾಗಿ ಅಲ್ಲಿಗೊಂದು ಗೆರೆ ಎಳೆದೆ. ಹೊರಗೆ ಕಾಣುವ ತುದಿ ಚೂರಿ ಹಾಗೆ ತೆಳ್ಳಗಿರುವುದಿಲ್ಲ, ಬಾಳೆಹಣ್ಣಿನ ಹಾಗೆ ಗುಂಡಗೆ, ದಪ್ಪ. ಹುಡುಗಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಇದು ಕೊಯ್ಯೋ ಹಲ್ಲಲ್ಲ ಮಾವ, ಒಡೆಯೋ ಹಲ್ಲು" ಅಂದಳು. ಟಿ ರೆಕ್ಸ್ ಬಗ್ಗೆ ಇದಕ್ಕಿಂತ ಸರಿಯಾದ ಮಾತು ನಾನು ಕೇಳಿಲ್ಲ. ಮೂಳೆಯನ್ನೇ ಪುಡಿ ಮಾಡುವ ಬಾಯಿ ಅದು.

ಆಮೇಲೆ ಗಾಡ್ಜಿಲ್ಲಾ. 1954ರಲ್ಲಿ ಜಪಾನಿನಲ್ಲಿ ಮೊದಲ ಸಲ ಬಂದಾಗ ಅದರ ಎತ್ತರ 50 ಮೀಟರ್ ಅಂತ ಇಟ್ಟಿದ್ದರು, ತೂಕ 20,000 ಟನ್. ಎಸ್ಟೇಟಿನ ಸಿಲ್ವರ್ ಓಕ್ ಮರ ಒಂದರ ಮೇಲೊಂದು ಎರಡು ನಿಲ್ಲಿಸಬೇಕು. 8 ಟನ್ನಿನ ಟಿ ರೆಕ್ಸ್ ಆದರೆ 2,500 ಬೇಕು. ಹುಡುಗ ಭಾಗಾಕಾರ ಮಾಡಿ ಪೆನ್ಸಿಲ್ ಕೆಳಗಿಟ್ಟ. "ಇದು ಫೈಟೇ ಅಲ್ಲ" ಅಂದ.

ಅಲ್ಲಿ ನನಗೆ ದಸರಾ ನೆನಪಾಯಿತು. ನಮ್ಮ ಮಡಿಕೇರಿ ದಸರಾ ನೋಡಿದವರಿಗೆ ಗೊತ್ತು, ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ದಶಮಂಟಪ ಹೊರಡುತ್ತದೆ. ಬೆಳಗಿನ ಜಾವದವರೆಗೂ ದೇವರಿಗೂ ರಾಕ್ಷಸರಿಗೂ ಯುದ್ಧ. ಕೈ ಎತ್ತುವ, ತಲೆ ತಿರುಗಿಸುವ ದೊಡ್ಡ ದೊಡ್ಡ ಮೂರ್ತಿಗಳು. ಹತ್ತು ಹನ್ನೆರಡು ವರ್ಷದಿಂದ ನಾನೂ ಒಂದು ಮಂಟಪಕ್ಕೆ ಕಬ್ಬಿಣದ ಕೆಲಸ ಮಾಡುತ್ತೇನೆ. ಒಂದು ವರ್ಷ ರಾಕ್ಷಸನನ್ನು ಹಿಂದಿನ ಸಲದ ಎರಡರಷ್ಟು ಎತ್ತರ ಮಾಡೋಣ ಅಂತ ಆಯಿತು. ಎಲ್ಲವನ್ನೂ ಎರಡು ಪಟ್ಟು ಮಾಡಿದೆ. ಉದ್ದ, ಅಗಲ, ಪೈಪಿನ ದಪ್ಪ ಕೂಡ. ಹಿಂದಿನ ವರ್ಷ ಗಟ್ಟಿಯಾಗಿ ನಿಂತಿತ್ತು, ಅದೇ ಅಳತೆ ದೊಡ್ಡದಾಗಿದೆ, ಇದೂ ನಿಲ್ಲುತ್ತದೆ ಅಂದುಕೊಂಡೆ. ಟ್ರಯಲ್ ದಿನ ಎತ್ತಿ ನಿಲ್ಲಿಸಿದ ಹತ್ತೇ ನಿಮಿಷಕ್ಕೆ ಎಡಗಾಲಿನ ಹಿಮ್ಮಡಿ ಹತ್ತಿರ ಪೈಪು ಬಾಗಿತು. ಆಮೇಲೆ ಇಡೀ ಮೈ ನಿಧಾನಕ್ಕೆ ಒಂದು ಕಡೆ ವಾಲಿತು. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ವೆಲ್ಡಿಂಗ್ ಎಲ್ಲೂ ಬಿಟ್ಟಿರಲಿಲ್ಲ. ಹಾಗಾದರೆ ಬಾಗಿದ್ದು ಯಾಕೆ?

ಉತ್ತರ ಗೆಲಿಲಿಯೋ 1638ರಲ್ಲೇ ಬರೆದಿಟ್ಟಿದ್ದಾನೆ. ಎಲ್ಲ ಅಳತೆ ಎರಡು ಪಟ್ಟಾದರೆ ಕಾಲನ್ನು ಅಡ್ಡ ಕೊಯ್ದಾಗ ಕಾಣುವ ಮುಖದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಆದರೆ ತೂಕ ಎಂಟು ಪಟ್ಟಾಗುತ್ತದೆ. ಅಂದರೆ ಕಾಲಿನ ಒಂದೊಂದು ಚದರ ಇಂಚಿನ ಮೇಲೂ ಮೊದಲಿನ ಎರಡರಷ್ಟು ಭಾರ. ಪೈಪಿಗೂ ಇದೇ, ಮೂಳೆಗೂ ಇದೇ. ಆನೆಯ ಕಾಲು ಜಿಂಕೆ ಕಾಲಿನ ಹಾಗೆ ಇಲ್ಲದೆ ಕಂಬದ ಹಾಗಿರುವುದು ಇದಕ್ಕೇ. ಇದು ತಿಳಿದ ದಿನ ನನಗೆ ಆದ ಸಂತೋಷ ಹೇಳಲಾರೆ. ಮಕ್ಕಳಿಗೆ ಹೇಳುವಾಗ ಮೊಬೈಲಿನಲ್ಲಿದ್ದ ಆ ಬಾಗಿದ ಕಾಲಿನ ಫೋಟೋ ತೋರಿಸಿದೆ. ಒಂದೇ ಸಲಕ್ಕೆ ಅರ್ಥವಾಯಿತು.

ಇದರಿಂದ ಪುಸ್ತಕದಲ್ಲಿ ಎರಡು ಲೆಕ್ಕ ಶುರುವಾಯಿತು. ಒಂದು ಸಿನಿಮಾ ಲೆಕ್ಕ. ಅಲ್ಲಿ ಪರದೆ ಮೇಲೆ ಕಂಡಿದ್ದಕ್ಕೆಲ್ಲ ಒಪ್ಪಿಗೆ. ಬಾಯಿಂದ ಬೆಂಕಿ ಉಗುಳಿದರೆ ಉಗುಳಲಿ. ಆದರೆ ಪರದೆ ಮೇಲೆ ಕಾಣದ್ದನ್ನು ಸುಮ್ನೆ ಸೇರಿಸುವ ಹಾಗಿಲ್ಲ. ಇನ್ನೊಂದು ಕಾಡಿನ ಲೆಕ್ಕ. ಅಲ್ಲಿ ಮೂಳೆ, ತೂಕ, ಉಸಿರು ಎಲ್ಲ ನಮ್ಮ ಭೂಮಿಯದ್ದೇ. ಯಾವ ಲೆಕ್ಕದಲ್ಲಿ ಆಡುತ್ತಿದ್ದೇವೆ ಅಂತ ಮೊದಲೇ ಬರೆಯಬೇಕು. ಮಧ್ಯದಲ್ಲಿ ಬದಲಾಯಿಸಿದರೆ ಸೋತ ಹಾಗೆ. ಈ ಒಂದು ನಿಯಮ ಬಂದ ಮೇಲೆ ಜಗಳ ಮುಕ್ಕಾಲು ಪಾಲು ಕಡಿಮೆಯಾಯಿತು.

ನಮ್ಮ ಅತಿ ಒಳ್ಳೆಯ ಕಾಳಗ ಸಿನಿಮಾದ ದೈತ್ಯ ಗೊರಿಲ್ಲಾ ಕಿಂಗ್ ಕಾಂಗ್ ಮತ್ತು ಟಿ ರೆಕ್ಸ್‌ದು. 1933ರ ಸಿನಿಮಾದಲ್ಲಿ ಇದು ಇದೆ. ಆಗಿನ ಕಾಂಗ್ ದ್ವೀಪದಲ್ಲಿದ್ದಾಗ 18 ಅಡಿ, ಅಂದರೆ ಸುಮಾರು ಐದೂವರೆ ಮೀಟರ್. ನಿಜವಾದ ಗಂಡು ಗೊರಿಲ್ಲಾ 1.7 ಮೀಟರ್, 160 ಕೆ.ಜಿ. ಅಂತ ಹಿಡಿದರೆ ಕಾಂಗ್ 3.2 ಪಟ್ಟು ಎತ್ತರ. ತೂಕ ಸುಮಾರು 34 ಪಟ್ಟು, ಅಂದರೆ 5.4 ಟನ್. ಈ ಅಂಕಿ ಬಂದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಐದು ಟನ್ ಅಂದರೆ ಒಂದು ದೊಡ್ಡ ಸಲಗದ ತೂಕ. ಹಲಸಿನ ಕಾಲದಲ್ಲಿ ತೋಟಕ್ಕೆ ಬರುತ್ತದಲ್ಲ, ಅಂಥದ್ದು. ಹಾಗಾದರೆ ಇದು ನಡೆಯಬಹುದಾದ ಪ್ರಾಣಿ! ಕಾಲು ಮಾತ್ರ ಕಷ್ಟ. ಮೂಳೆ ಮೇಲೆ ಗೊರಿಲ್ಲಾದ ಮೂರು ಪಟ್ಟು ಭಾರ ಬೀಳುತ್ತದೆ. ಸಿನಿಮಾದ ಹಾಗೆ ಎರಡು ಕಾಲಲ್ಲಿ ಎದ್ದು ಎದೆ ಬಡಿದುಕೊಳ್ಳುವುದು, ಹಾರುವುದು ಆಗುವುದಿಲ್ಲ. ನಾಲ್ಕೂ ಊರಿ ನಿಧಾನ ನಡೆಯಬೇಕು.

ಎದುರಿಗೆ 8 ಟನ್ನಿನ ಟಿ ರೆಕ್ಸ್. ತೂಕದಲ್ಲಿ ಕಾಂಗ್ ಹಿಂದೆ. ಆದರೆ ಅವನಿಗೆ ಕೈ ಇದೆ, ಟಿ ರೆಕ್ಸ್‌ಗೆ ಇರುವುದು ಹೆಸರಿಗೆ ಎರಡು ಪುಟ್ಟ ಕೈ. ಸಿನಿಮಾದಲ್ಲಿ ಕಾಂಗ್ ಅದರ ದವಡೆ ಹಿಡಿದು ಅಗಲಿಸಿ ಸೀಳುತ್ತಾನೆ. ನಮ್ಮ ತೀರ್ಪು ಬೇರೆ. ಮೊಸಳೆಗೆ ಬಾಯಿ ಮುಚ್ಚುವ ಬಲ ಭಯಂಕರ, ತೆರೆಯುವ ಬಲ ತುಂಬ ಕಡಿಮೆ. ಮೂತಿಗೆ ಹಗ್ಗ ಸುತ್ತಿಬಿಟ್ಟರೆ ಸಾಕು. ಟಿ ರೆಕ್ಸ್ ದವಡೆಯೂ ಮುಚ್ಚಲೆಂದೇ ಆಗಿರುವ ದವಡೆ. ಹಾಗಾಗಿ ಬಾಯಿ ತೆರೆದಿರುವಾಗ ಕೈ ಹಾಕುವುದು ದಡ್ಡತನ. ಮುಚ್ಚಿದ ಕ್ಷಣ ಎರಡೂ ಕೈಯಲ್ಲಿ ಅಪ್ಪಿ ಹಿಡಿದು, ಕುತ್ತಿಗೆ ತಿರುಚಿ ಅಡ್ಡ ಬೀಳಿಸಬೇಕು. 8 ಟನ್ ದೇಹ ಬಿದ್ದರೆ ಆ ಬೀಳುವಿಕೆಯೇ ಪಕ್ಕೆಲುಬು ಮುರಿಯುತ್ತದೆ. ಮೊದಲ ಕಚ್ಚು ತಪ್ಪಿಸಿಕೊಂಡರೆ ಕಾಂಗ್, ತಪ್ಪಿಸಿಕೊಳ್ಳದಿದ್ದರೆ ಟಿ ರೆಕ್ಸ್. ಹತ್ತಕ್ಕೆ ಆರು ಸಲ ಟಿ ರೆಕ್ಸ್ ಅಂತ ಬರೆದೆವು. ಹುಡುಗ ಒಪ್ಪಲಿಲ್ಲ, ಐದು-ಐದು ಅಂತ ಪಕ್ಕದಲ್ಲಿ ತನ್ನ ಸಹಿ ಹಾಕಿದ್ದಾನೆ. ಅದೂ ಇರಲಿ.

2021ರ ಕಾಂಗ್ 102 ಮೀಟರ್. ಗೊರಿಲ್ಲಾದ 60 ಪಟ್ಟು. ಮೂಳೆ ಮೇಲೆ 60 ಪಟ್ಟು ಭಾರ. ಕಾಡಿನ ಲೆಕ್ಕದಲ್ಲಿ ಅವನು ಎದ್ದು ನಿಲ್ಲುವುದೇ ಇಲ್ಲ. ಸಿನಿಮಾದವರಿಗೂ ಜೋಡಿ ಸರಿ ಇರಬೇಕು ಅಂತ ಗೊತ್ತು. 1962ರಲ್ಲಿ ಗಾಡ್ಜಿಲ್ಲಾ ಎದುರು ನಿಲ್ಲಿಸಲು ಕಾಂಗ್‌ನನ್ನು 45 ಮೀಟರಿಗೆ ಬೆಳೆಸಿದರು.

ಹುಡುಗಿ ಮಾತ್ರ ಸ್ಪೈನೊಸಾರಸ್ ಅನ್ನುವ ಡೈನೋಸಾರ್ ಪಕ್ಷ. 2001ರಲ್ಲಿ ಬಂದ ಜುರಾಸಿಕ್ ಪಾರ್ಕ್‌ನ ಮೂರನೇ ಭಾಗದಲ್ಲಿ ಅದು ಟಿ ರೆಕ್ಸ್‌ನ ಕುತ್ತಿಗೆ ಮುರಿಯುತ್ತದೆ. ನಿಜದಲ್ಲಿ ಅವೆರಡೂ ಭೇಟಿಯಾಗಲು ಸಾಧ್ಯವೇ ಇರಲಿಲ್ಲ. ಒಂದು ಉತ್ತರ ಆಫ್ರಿಕಾದ್ದು, ಇನ್ನೊಂದು ಉತ್ತರ ಅಮೆರಿಕದ್ದು, ಮಧ್ಯೆ ಹತ್ತಿರ ಹತ್ತಿರ 3 ಕೋಟಿ ವರ್ಷ. ಸ್ಪೈನೊಸಾರಸ್ ಉದ್ದದಲ್ಲಿ ಜಾಸ್ತಿ, ಆದರೆ ಹಲ್ಲು ಮೀನು ಹಿಡಿಯುವ ಮೊನಚು ಹಲ್ಲು, ಕಾಲು ಗಿಡ್ಡ. ಬಾಲ ದೋಣಿಯ ಹುಟ್ಟಿನ ಹಾಗೆ ಅಗಲ ಅಂತ 2020ರಲ್ಲಿ ಗೊತ್ತಾಯಿತು. ಅವಳಿಗೆ ನಾನು ಕೇಳಿದ್ದು ಒಂದೇ, ಜಾಗ ಎಲ್ಲಿ? ಕಣದಲ್ಲಾದರೆ ಟಿ ರೆಕ್ಸ್. ದುಬಾರೆ ಹತ್ತಿರದ ಮಳೆಗಾಲದ ಕಾವೇರಿಯಲ್ಲಾದರೆ ನಾನು ಸ್ಪೈನೊಸಾರಸ್ ಕಡೆ. ಅವತ್ತಿನಿಂದ "ಜಾಗ" ಅಂತ ಇನ್ನೊಂದು ಮನೆ ಸೇರಿತು.

ರಾಪ್ಟರ್ ವಿಷಯದಲ್ಲಿ ಮಕ್ಕಳಿಗೆ ಬೇಜಾರಾಯಿತು. ಸಿನಿಮಾದ ವೆಲಾಸಿರಾಪ್ಟರ್ ಡೈನೋಸಾರ್ ಆಳೆತ್ತರ. ನಿಜವಾದದ್ದು 15-20 ಕೆ.ಜಿ., ಮನೆ ನಾಯಿಯಷ್ಟು. ಮೈ ತುಂಬ ಗರಿ. ಗುಂಪಾಗಿ ಬೇಟೆಯಾಡುತ್ತಿತ್ತು ಅನ್ನುವುದಕ್ಕೂ ಗಟ್ಟಿ ಸಾಕ್ಷಿ ಇಲ್ಲ. ಸಪ್ಪೆ ಮುಖ ಮಾಡಿ ಕೂತಿದ್ದವರಿಗೆ ನಾನು 1971ರಲ್ಲಿ ಮಂಗೋಲಿಯಾದಲ್ಲಿ ಸಿಕ್ಕ ಪಳೆಯುಳಿಕೆಯ ಚಿತ್ರ ಬಿಡಿಸಿ ತೋರಿಸಿದೆ. ಒಂದು ವೆಲಾಸಿರಾಪ್ಟರ್, ಒಂದು ಪ್ರೊಟೊಸೆರಾಟಾಪ್ಸ್ ಅನ್ನುವ ಸಸ್ಯಾಹಾರಿ ಡೈನೋಸಾರ್. ಎರಡೂ ಕಾದಾಡುತ್ತಿರುವಾಗಲೇ ಮರಳಿನಡಿ ಹೂತುಹೋಗಿವೆ. ರಾಪ್ಟರ್‌ನ ಕಾಲಿನ ಉಗುರು ಇನ್ನೊಂದರ ಕುತ್ತಿಗೆ ಹತ್ತಿರ ಇದೆ. ರಾಪ್ಟರ್‌ನ ಬಲಗೈ ಇನ್ನೊಂದರ ಬಾಯಲ್ಲಿ ಕಚ್ಚಿಕೊಂಡೇ ಇದೆ. 7 ಕೋಟಿ ವರ್ಷಕ್ಕೂ ಹಿಂದಿನ ಹಿಡಿತ, ಇನ್ನೂ ಬಿಟ್ಟಿಲ್ಲ. ಗೆದ್ದವರ ಮನೆಯಲ್ಲಿ ಏನು ಬರೆಯುವುದು? ಮಕ್ಕಳು ಅದನ್ನು ಖಾಲಿ ಬಿಟ್ಟಿದ್ದಾರೆ. ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟದ ಪುಟ ಅದು.

ಕೊನೆಯ ಮನೆ ಸೇರಿದ್ದು ಕಳೆದ ವರ್ಷ. ಒಂದು ಸಂಜೆ ಕೆರೆ ಏರಿ ಮೇಲೆ ಒಂಟಿ ಸಲಗ ನಿಂತಿತ್ತು. ಆಚೆಯಿಂದ ಒಂದು ಕಾಟಿ, ಅಂದರೆ ಕಾಡುಕೋಣ, ಬಂತು, ದೊಡ್ಡ ಗಂಡು. ಹುಡುಗ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡ. ನಾವು ಜೀಪಿನೊಳಗೆ ಉಸಿರು ಬಿಗಿಹಿಡಿದಿದ್ದೆವು. ಕಾಟಿ ಅಡ್ಡ ತಿರುಗಿ ನಿಂತು ತನ್ನ ಪಕ್ಕೆಯ ಅಗಲ ಪೂರ್ತಿ ತೋರಿಸಿತು. ಸಲಗ ಕಿವಿ ಅಗಲಿಸಿ ಒಂದೇ ಹೆಜ್ಜೆ ಮುಂದಿಟ್ಟಿತು. ಅಷ್ಟೇ. ಕಾಟಿ ತಲೆ ತಗ್ಗಿಸಿ, ಓಡದೆ, ಕಾಫಿ ಗಿಡಗಳ ಮಧ್ಯೆ ಇಳಿದು ಹೋಯಿತು. ಕಾಡಿನಲ್ಲಿ ಗಾಯ ಅಂದರೆ ಹಸಿವು, ಹಸಿವು ಅಂದರೆ ಸಾವು. ಕಾರಣ ಇಲ್ಲದೆ ಯಾವ ಪ್ರಾಣಿಯೂ ಮೈಮೇಲೆ ಬೀಳುವುದಿಲ್ಲ. ಟಿ ರೆಕ್ಸ್ ಕಚ್ಚಿ ಮುರಿದ ಕೊಂಬು ಮತ್ತೆ ವಾಸಿಯಾದ, ಟ್ರೈಸೆರಾಟಾಪ್ಸ್ ಅನ್ನುವ ಮೂರು ಕೊಂಬಿನ ಸಸ್ಯಾಹಾರಿ ಡೈನೋಸಾರ್‌ನ ತಲೆಬುರುಡೆ ಸಿಕ್ಕಿದೆ. ಅಂದರೆ ಕಚ್ಚಿಸಿಕೊಂಡದ್ದು ಬದುಕಿತು, ಕಚ್ಚಿದ್ದು ಬಿಟ್ಟು ಹೋಯಿತು. ಮನೆಗೆ ಬಂದು "ಯಾಕೆ?" ಅಂತ ಬರೆದೆವು. ಮೊದಲೇ ಬರೆಯಬೇಕಿದ್ದ ಮನೆ ಅದು.

ಈ ಮಳೆಗಾಲದ ಮೊದಲ ಜೋಡಿ ನಮ್ಮ ದೇಶದ್ದೇ. ಗುಜರಾತಿನಲ್ಲಿ ಸಿಕ್ಕಿ 2003ರಲ್ಲಿ ಹೆಸರು ಪಡೆದ ರಾಜಾಸಾರಸ್, ತಲೆ ಮೇಲೆ ಗಿಡ್ಡ ಕೊಂಬಿನ ಮಾಂಸಾಹಾರಿ ಡೈನೋಸಾರ್. ಎದುರಿಗೆ ನಮ್ಮ ತೋಟದ ಆನೆ. ಹುಡುಗ ಸಲಗ ಅಂತ ಬರೆದು, ಜಾಗ ಕೆರೆ ಏರಿ ಅಂತ ತುಂಬಿಸಿ, "ಯಾಕೆ?" ಅನ್ನುವಲ್ಲಿ ಪೆನ್ಸಿಲ್ ಕಚ್ಚುತ್ತಾ ಕೂತ. ಸಲಗ ಬೇಕಾದರೆ ದಾರಿ ಬಿಟ್ಟು ಹೋಗಬಹುದಲ್ವಾ. ಹುಡುಗಿ ಪುಸ್ತಕ ಎಳೆದುಕೊಂಡು ಸಲಗ ಅನ್ನುವುದನ್ನು ಹೊಡೆದು ಹಾಕಿ ಹೆಣ್ಣಾನೆ ಅಂತ ಮಾಡಿದಳು. "ಯಾಕೆ?" ಮನೆಯಲ್ಲಿ ಎರಡೇ ಪದ ಬರೆದಳು: ಮರಿ ಇದೆ. ಹುಡುಗ ಓದಿದ. ಆಮೇಲೆ ಗೆದ್ದವರ ಮನೆಯಲ್ಲಿ ಆನೆ ಅಂತ ಅವನೇ ಬರೆದ.