ದ್ವೇಷದ ವಿಡಿಯೊ ಊರ ಗ್ರೂಪಿಗೆ ಬಂದಾಗ ಏನು ಮಾಡಬೇಕು

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಒಬ್ಬ ಯುವ ಎಂಜಿನಿಯರ್ ಬಲಿಯಾದ. ಆದ್ದರಿಂದ ಅಡ್ಮಿನ್ ಮೊದಲು ಗ್ರೂಪಿನಲ್ಲಿ ಅಡ್ಮಿನ್‌ಗಳಷ್ಟೇ ಬರೆಯುವಂತೆ ಸೆಟ್ಟಿಂಗ್ ಬದಲಿಸಲಿ. ಕಳಿಸಿದವರ ನಂಬರು, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಆಮೇಲೆ ಅಳಿಸಿ. ಅವಸರದಲ್ಲಿ ಅಳಿಸಿದರೆ ಪೊಲೀಸರಿಗೆ ಕೊಡಲು ಸಾಕ್ಷ್ಯವೇ ಇರದು. ಜನ ಗುಂಪುಗೂಡುತ್ತಿದ್ದರೆ ತಡಮಾಡದೆ 112ಕ್ಕೆ ಕರೆ ಮಾಡಿ.

ಕಳಿಸಿದ ಹುಡುಗನನ್ನು ಎಲ್ಲರೆದುರು ಬೈಯಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಕೆಲಸವಿಲ್ಲದ ಸಿಟ್ಟು, ಒಂಟಿತನದ ಮೇಲೆ ಅವಮಾನವೂ ಸೇರಿದರೆ ‘ನಾವಿದ್ದೇವೆ’ ಎನ್ನುವ ಉಗ್ರ ಗುಂಪೇ ಅವನಿಗೆ ಆಸರೆ. ಅವನು ನಂಬುವ ಸೋದರಮಾವನೋ ಮಾಸ್ತರರೋ ಒಬ್ಬನನ್ನೇ ಕೂರಿಸಿಕೊಂಡು ಮಾತಾಡಲಿ. ಮೊದಲು ಕೇಳಲಿ, ವಾದ ಆಮೇಲೆ. ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡಿಸುವ 371ಜೆ ಪ್ರಮಾಣಪತ್ರವಿಲ್ಲದೆ ಅವನ ಅರ್ಜಿ ನಿಂತಿದ್ದರೆ ಉಪವಿಭಾಗಾಧಿಕಾರಿ ಕಚೇರಿಗೆ ಜೊತೆಗೇ ಹೋಗಿ.