ಹಡಗಿನ ನೀರುಗಂಟಿ

"ಹಡಗಲ್ಲಿ ಏನು ಕೆಲಸ ನಿಂದು?" ಅಂತ ಊರಲ್ಲಿ ಯಾರಾದರೂ ಕೇಳಿದರೆ "ನೀರುಗಂಟಿ" ಅಂತ ಹೇಳಿಬಿಡುತ್ತೇನೆ. ಯಾಂತ್ರಿಕ್, ಮಷಿನರಿ ಕಂಟ್ರೋಲ್ ರೂಮ್, ಆರ್‌ಒ ಪ್ಲಾಂಟ್ ಅಂತೆಲ್ಲ ಶುರು ಮಾಡಿದರೆ ಅರ್ಧಕ್ಕೇ ಎದ್ದು ಹೋಗುತ್ತಾರೆ. ನೀರುಗಂಟಿ ಅಂದರೆ ಕೋಲಾರದ ಕಡೆ ಮಕ್ಕಳಿಗೂ ಗೊತ್ತು. ಹಿಂದೆ ಕೆರೆ ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದವನು. ಈಗ ಪಂಚಾಯಿತಿ ಟ್ಯಾಂಕಿನ ವಾಲ್ವ್ ತಿರುಗಿಸುವವನು. ಬೈಗುಳ ತಿನ್ನೋದು ಮಾತ್ರ ಇಬ್ಬರಿಗೂ ಒಂದೇ.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೋಸ್ಟ್ ಗಾರ್ಡ್‌ಗೆ ಯಾಂತ್ರಿಕ್ ಆಗಿ, ಅಂದರೆ ಹಡಗಿನ ಯಂತ್ರ ನೋಡಿಕೊಳ್ಳುವವನಾಗಿ ಸೇರಿದೆ. ಮೊದಲ ತರಬೇತಿ ಒಡಿಶಾದ ಚಿಲ್ಕಾದಲ್ಲಿ. ಅಲ್ಲಿ ಈಜುಕೊಳದ ಮುಂದೆ ಸಾಲಾಗಿ ನಿಲ್ಲಿಸಿದಾಗ ಈಜು ಬರಲ್ಲ ಅಂತ ಕೈ ಎತ್ತಿದವರಲ್ಲಿ ನಾನೂ ಒಬ್ಬ. ನಮ್ಮಪ್ಪ ಊರ ಬಾವಿಯಲ್ಲಿ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಈಜು ಕಲಿತವರು. ನಾನು ಹುಟ್ಟುವ ಹೊತ್ತಿಗೆ ಆ ಬಾವಿಯೊಳಗೆ ಜಾಲಿ ಗಿಡ ಬೆಳೆದಿತ್ತು. ಕಲಿಯೋದಾದರೂ ಎಲ್ಲಿ?

ಹಡಗಿನ ಹೆಸರು, ಎಲ್ಲಿ ಎಷ್ಟು ದಿನ ಗಸ್ತು ಅನ್ನೋದೆಲ್ಲ ಬರೆಯುವ ಹಾಗಿಲ್ಲ. ಪೇಪರಲ್ಲಿ ಬಂದಿದ್ದಷ್ಟು ಹೇಳಬಹುದು. ವಿಕ್ರಮ್ ಅನ್ನೋ ಹಡಗು 2018ರಲ್ಲಿ ಸೇವೆಗೆ ಬಂತು. ಅದೇ ಮಾದರಿಯ ಒಟ್ಟು ಏಳು ಹಡಗು ಕಟ್ಟಿದರು, ಕೊನೆಯದು ವಿಗ್ರಹ, 2021ರಲ್ಲಿ. ಉದ್ದ ಸುಮಾರು 98 ಮೀಟರ್, ಎರಡು ದೊಡ್ಡ ಡೀಸೆಲ್ ಎಂಜಿನ್, ಹಿಂಭಾಗದಲ್ಲಿ ಹೆಲಿಕಾಪ್ಟರ್ ಇಳಿಯುವ ಡೆಕ್, ಒಳಗೆ ನೂರರ ಆಸುಪಾಸು ಜನ. ಆ ಜಾತಿಯದೇ ಒಂದು ಹಡಗಿಗೆ ನನ್ನನ್ನು ಹಾಕಿದ್ದರು. ಅದೂ ಹೊಚ್ಚ ಹೊಸದು.

ಹೊಸ ಹಡಗು ಅಂದರೆ ಕಟ್ಟುತ್ತಿರುವಾಗಲೇ ಹೋಗಿ ಕೂರಬೇಕು. ನನಗೆ ಕೊಟ್ಟ ಮೊದಲ ಕೆಲಸ ಪೈಪ್ ಹುಡುಕೋದು. ಕೈಯಲ್ಲಿ ಡ್ರಾಯಿಂಗ್, ಇನ್ನೊಂದು ಕೈಯಲ್ಲಿ ಟಾರ್ಚ್. ಸಮುದ್ರದ ನೀರಿನ ಪೈಪಿಗೆ ಹಸಿರು ಪಟ್ಟಿ, ಸಿಹಿನೀರಿಗೆ ನೀಲಿ, ಬೆಂಕಿ ಆರಿಸೋದಕ್ಕೆ ಕೆಂಪು. ಒಂದು ನೀಲಿ ಪೈಪು ಹಿಡಿದು ಟ್ಯಾಂಕಿನಿಂದ ಹೊರಟರೆ ಗೋಡೆ ತೂರಿ, ನೆಲದಡಿ ಹೋಗಿ, ಯಾವನದೋ ಮಂಚದ ಹಿಂದಿಂದ ಬಂದು, ಕೊನೆಗೆ ಅಡುಗೆಮನೆಯ ನಲ್ಲಿಗೆ ಮುಟ್ಟುವವರೆಗೆ ಬಿಡುವ ಹಾಗಿಲ್ಲ. ಹಾದಿಯಲ್ಲಿ ಸಿಕ್ಕ ಪ್ರತಿ ವಾಲ್ವನ್ನೂ ಕೈಯಿಂದ ಮುಟ್ಟಬೇಕು. ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ ಅದೇ ವಾಲ್ವ್ ಹುಡುಕಿಸಿದರು. ಕರೆಂಟು ಹೋಗಿ ಹೊಗೆ ತುಂಬಿದರೆ ಡ್ರಾಯಿಂಗ್ ನೋಡುತ್ತಾ ನಿಲ್ಲೋಕೆ ಆಗಲ್ಲ ಅಲ್ವಾ?

ದಿನಚರಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಬಂದರಿನಲ್ಲಿದ್ದಾಗ ವಿಶೇಷ ಏನಿಲ್ಲ. ಬೆಳಗ್ಗೆ ಪಿಟಿ, ಹಡಗು ತೊಳೆಯೋದು, 8 ಗಂಟೆಗೆ ಧ್ವಜ, ಆಮೇಲೆ ರಿಪೇರಿ. ಸಮುದ್ರಕ್ಕೆ ಹೋದ ಮೇಲೆ ಗಡಿಯಾರವೇ ಬೇರೆ. ನಾಲ್ಕು ಗಂಟೆ ಕಾವಲು, ಎಂಟು ಗಂಟೆ ಬಿಡುವು. ಬಿಡುವು ಅನ್ನೋದು ಹೆಸರಿಗೆ. ಅದರಲ್ಲೇ ಊಟ, ನಿದ್ದೆ, ಬಟ್ಟೆ, ಬೆಂಕಿ ಡ್ರಿಲ್, ನೀರಿಗೆ ಬಿದ್ದವನನ್ನು ಎತ್ತುವ ಡ್ರಿಲ್. ದಿನವನ್ನು ನಾಲ್ಕು ಗಂಟೆಯ ಲೆಕ್ಕದಲ್ಲಿ ಹಂಚಿದರೆ ಆರು ಪಾಳಿ ಬರುತ್ತೆ. ಮೂರು ತಂಡ ಇದ್ದರೆ ಒಬ್ಬನೇ ದಿನಾ ರಾತ್ರಿ 12ರಿಂದ 4ರ ಪಾಳಿಗೆ ಸಾಯಬೇಕು. ಅದಕ್ಕೇ ಸಂಜೆ 4ರಿಂದ 8ರ ಪಾಳಿಯನ್ನು ಎರಡು ತುಂಡು ಮಾಡುತ್ತಾರೆ. ಅದಕ್ಕೆ ಡಾಗ್ ವಾಚ್ ಅಂತ ಹೆಸರು. ಆಗ ಪಾಳಿ ಏಳಾಗಿ, ದಿನದಿನಕ್ಕೂ ಸರದಿ ಜರುಗುತ್ತೆ. ನಮ್ಮ ಕಡೆ ಕೆರೆ ನೀರನ್ನು ಸರದಿ ಮೇಲೆ ಗದ್ದೆಗೆ ಬಿಡುವಾಗಲೂ ಇದೇ ಜಗಳ. ಒಬ್ಬನಿಗೇ ಯಾವಾಗಲೂ ರಾತ್ರಿ ಸರದಿ ಬರಬಾರದು.

ಎಂಜಿನ್ ಕಡೆಯವರಿಗೆ ಸಮುದ್ರ ಕಾಣೋದೇ ಕಡಿಮೆ. ಕಂಟ್ರೋಲ್ ರೂಮಿನಲ್ಲಿ ಎಸಿ, ಪರದೆ, ಅಂಕಿ. ಗಂಟೆಗೊಮ್ಮೆ ಕಿವಿಗೆ ಮುಚ್ಚಳ ಹಾಕಿಕೊಂಡು ಎಂಜಿನ್ ರೂಮಿಗೆ ಇಳಿಯಬೇಕು. ಬಾಗಿಲು ತೆಗೆದರೆ ಬಿಸಿ ಮುಖಕ್ಕೆ ಹೊಡೆಯುತ್ತೆ. ಪಂಪಿನ ಬೇರಿಂಗ್ ಮೇಲೆ ಮುಂಗೈ ಹಿಂಭಾಗ ಇಟ್ಟು ನೋಡೋದು, ಎಣ್ಣೆ ವಾಸನೆ ಬರುತ್ತಾ ಅಂತ ಮೂಸೋದು, ತಳದಲ್ಲಿ ನೀರು ನಿಂತಿದೆಯಾ ಅಂತ ಟಾರ್ಚ್ ಬಿಡೋದು. ಪರದೆ ಎಲ್ಲ ಸರಿ ಇದೆ ಅಂತ ಹೇಳಿದರೂ ಇಳಿದು ನೋಡಲೇಬೇಕು ಅಂತ ನಮ್ಮ ಹಿರಿಯ ಅಧಿಕಾರಿ ಹಟ ಹಿಡಿಯುತ್ತಿದ್ದರು. ಆಗ ನನಗೆ ಅದು ಕಿರಿಕಿರಿ ಅನಿಸುತ್ತಿತ್ತು.

ಎರಡನೇ ತಿಂಗಳಿಗೆ ಸಮುದ್ರದ ನೀರನ್ನು ಸಿಹಿ ಮಾಡುವ ಆರ್‌ಒ ಪ್ಲಾಂಟ್ ನನ್ನ ಕೊರಳಿಗೆ ಬಿತ್ತು. ಕೋಲಾರದವನು ಅಂತ ಗೊತ್ತಾಗಿ ಕೊಟ್ಟರೋ ಏನೋ. ಆರ್‌ಒ ನನಗೆ ಹೊಸದಲ್ಲ. ನಮ್ಮ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನನ್ನ ಜೊತೆ ಓದಿದವರಲ್ಲಿ ಅರ್ಧ ಜನರ ಹಲ್ಲು ಕಂದು. ಹಾಗಾಗಿ ಊರೂರಲ್ಲೂ ಶುದ್ಧ ನೀರಿನ ಘಟಕ ಕೂರಿಸಿದ್ದಾರೆ. ಐದು ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನ್ 20 ಲೀಟರ್ ಬರುತ್ತೆ. ಹಡಗಿನದೂ ಅದೇ ಯಂತ್ರದ ದೊಡ್ಡಣ್ಣ. ವ್ಯತ್ಯಾಸ ಒತ್ತಡದಲ್ಲಿ. ಬೋರ್‌ವೆಲ್ ನೀರಿಗೆ ಸಣ್ಣ ಪಂಪು ಸಾಕು. ಸಮುದ್ರದಲ್ಲಿ ಒಂದು ಲೀಟರಿಗೆ 35 ಗ್ರಾಂ ಉಪ್ಪು. ಉಪ್ಪನ್ನು ಈಚೆಗೇ ಬಿಟ್ಟು ನೀರನ್ನು ಮಾತ್ರ ಯಂತ್ರದೊಳಗಿನ ಪೊರೆಯ ಆಚೆ ತಳ್ಳಬೇಕಾದರೆ 55-60 ಬಾರ್ ಒತ್ತಡ ಬೇಕು. ಅಂದರೆ ಕಾರಿನ ಟೈರಿನಲ್ಲಿರೋದಕ್ಕಿಂತ 25 ಪಟ್ಟಿಗೂ ಹೆಚ್ಚು. ಆ ಪಂಪು ಶುರುವಾದರೆ ಪೈಪೆಲ್ಲ ಜುಂ ಅನ್ನುತ್ತೆ. ಮೂರು ಪಾಲು ನೀರು ಎಳೆದರೆ ಒಂದು ಪಾಲು ಸಿಹಿನೀರು, ಮಿಕ್ಕಿದ್ದು ಇನ್ನಷ್ಟು ಉಪ್ಪಾಗಿ ವಾಪಸ್ ಸಮುದ್ರಕ್ಕೆ.

ಬಂದರಿನೊಳಗೆ ಅದನ್ನು ಓಡಿಸುವ ಹಾಗಿಲ್ಲ. ಅಲ್ಲಿಯ ನೀರಲ್ಲಿ ಎಣ್ಣೆ, ಕೆಸರು. ಪೊರೆ ಕಟ್ಟಿಕೊಂಡರೆ ಮುಗೀತು. ಹಾಗಾಗಿ ದಡದಿಂದ ದೂರ ಹೋದ ಮೇಲೆಯೇ ನನ್ನ ಕೆಲಸ ಶುರು. ಹಡಗಿನಲ್ಲಿ ನೀರನ್ನು ಲೀಟರಿನಲ್ಲಿ ಹೇಳಲ್ಲ, ಟನ್ನಿನಲ್ಲಿ ಹೇಳುತ್ತೇವೆ. ತಲೆಗೆ 100 ಲೀಟರ್ ಅಂದುಕೊಂಡರೂ ದಿನಕ್ಕೆ 10 ಟನ್. ನಮ್ಮೂರಿನ ಲೆಕ್ಕದಲ್ಲಿ ಎರಡು ಟ್ರ್ಯಾಕ್ಟರ್ ಟ್ಯಾಂಕರ್. ಅದರ ಮೇಲೆ ಹೆಲಿಕಾಪ್ಟರ್ ಒಂದು. ಸಮುದ್ರದ ಮೇಲೆ ಹಾರಿ ಬಂದರೆ ಅದಕ್ಕೆ ಸಿಹಿನೀರಿನ ಸ್ನಾನ ಆಗಲೇಬೇಕು, ಇಲ್ಲದಿದ್ದರೆ ಉಪ್ಪು ತಿಂದು ಹಾಕುತ್ತೆ. ನಮಗೆ ಅರ್ಧ ಬಕೆಟ್ ಅಂದ ದಿನವೂ ಅದಕ್ಕೆ ಪೂರ್ತಿ ಸ್ನಾನ.

ನೀರು ಕಡಿಮೆ ಆದಾಗ ಯಾವ ಊರಿನವನು ಹೇಗೆ ಸ್ನಾನ ಮಾಡುತ್ತಾನೆ ಅನ್ನೋದು ಗೊತ್ತಾಗುತ್ತೆ. ಕೇರಳದ ಹುಡುಗರು ಒದ್ದಾಡಿಬಿಡುತ್ತಿದ್ದರು. ರಾಜಸ್ಥಾನದವನೂ ನಾನೂ ಒಂದೇ ಜಾತಿ. ಒಂದು ಚೊಂಬಲ್ಲಿ ಮೈ ನೆನೆಸಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮೂರು ಚೊಂಬಲ್ಲಿ ಮುಗಿಸಿ ಬರುತ್ತಿದ್ದೆವು.

ನಮ್ಮ ಮನೆಯ ಹತ್ತಿರದ ಬೋರ್‌ವೆಲ್ 1,400 ಅಡಿ. ಮೀಟರ್ ಲೆಕ್ಕದಲ್ಲಿ 427. ಮಂಗಳೂರಿನಿಂದ ಪಡುವಣಕ್ಕೆ ಗಂಟೆಗಟ್ಟಲೆ ಹೋದರೂ ಸಮುದ್ರ ಅಷ್ಟು ಆಳ ಇರಲ್ಲ. ಒಂದು ರಾತ್ರಿ ಬ್ರಿಡ್ಜಿನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಆಳ ತೋರಿಸುವ ಯಂತ್ರ ನೋಡಿ ಇದನ್ನು ಹೇಳಿದೆ. ಚುಕ್ಕಾಣಿ ಹಿಡಿದಿದ್ದ ಕಾರವಾರದ ಹುಡುಗ ನಂಬಲೇ ಇಲ್ಲ. ನಾನು ಸುಳ್ಳು ಹೊಡೆಯುತ್ತೇನೆ ಅಂದ.

ಈಗ ಟೀ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳದೆ ತಪ್ಪಿಸಿಕೊಳ್ಳಬಹುದಿತ್ತು, ಆದರೆ ನಡೆದಿದ್ದು ನಡೆದ ಹಾಗೇ ಇರಲಿ.

ಪ್ಲಾಂಟಿನಲ್ಲಿ ಒಂದು ವಾಲ್ವ್ ಇದೆ. ನೀರು ಸಿಹಿಯಾಗಿದ್ದರೆ ಟ್ಯಾಂಕಿಗೆ ಬಿಡುತ್ತೆ, ಉಪ್ಪು ಜಾಸ್ತಿ ಆದರೆ ತಾನೇ ಹೊರಗೆ ತಿರುಗಿಸುತ್ತೆ. ಫಿಲ್ಟರ್ ಬದಲಾಯಿಸಿದ ದಿನ ನಾನು ಅದನ್ನು ಕೈವಶಕ್ಕೆ ತೆಗೆದುಕೊಂಡೆ. ಕೆಲಸ ಮುಗಿಸಿ ಆಟೋಗೆ ವಾಪಸ್ ಹಾಕಬೇಕಿತ್ತು. ಅಷ್ಟರಲ್ಲಿ ಬೆಂಕಿ ಡ್ರಿಲ್ ಗಂಟೆ ಹೊಡೆಯಿತು, ಓಡಿದೆ. ವಾಪಸ್ ಬಂದು ಪಂಪು ಶುರು ಮಾಡಿ, ಹರಿವು ಸರಿ ಇದೆ ಅಂತ ಲಾಗ್ ಬುಕ್ಕಿನಲ್ಲಿ ಬರೆದು ಮಲಗಿದೆ. ಕೂರಿಸಿದ ಒಂದು ಸೀಲ್ ಸರಿಯಾಗಿ ಕೂತಿರಲಿಲ್ಲ. ರಾತ್ರಿಯೆಲ್ಲ ಉಪ್ಪು ನುಸುಳುತ್ತಾ ಟ್ಯಾಂಕಿಗೇ ಹೋಗಿದೆ.

ಬೆಳಗಿನ ಜಾವ ಯಾರೋ ಮಂಚದ ಕಂಬಿ ಬಡಿದರು. ನೋಡಿದರೆ ಅಡುಗೆಯವನು, ಬಿಹಾರದವನು. ಬೈಯಲಿಲ್ಲ, ಏನೂ ಹೇಳಲಿಲ್ಲ. ಸ್ಟೀಲ್ ಲೋಟ ಮೂಗಿನ ಹತ್ತಿರ ಹಿಡಿದ. ಕುಡಿದೆ. ಸಕ್ಕರೆ, ಶುಂಠಿ, ಹಾಲಿನ ಪುಡಿ, ಎಲ್ಲದರ ಕೆಳಗೆ ಉಪ್ಪು. ನಾಲಿಗೆಯ ಪಕ್ಕ ಹಿಡಿದುಕೊಂಡಿತು. "ಪೂರಾ?" ಅಂದೆ. "ಪೂರಾ," ಅಂದ. ನಲವತ್ತು ಲೋಟದ ಟೀ, ಅದರ ಜೊತೆಗೆ ನಾದಿಟ್ಟ ಪೂರಿ ಹಿಟ್ಟು.

ಪುಣ್ಯಕ್ಕೆ ಇನ್ನೊಂದು ಟ್ಯಾಂಕ್ ಬೇರೆ ಇತ್ತು. ಕೆಟ್ಟ ನೀರನ್ನು ಡೆಕ್ ತೊಳೆಯಲು ಬಿಟ್ಟು, ಟ್ಯಾಂಕ್ ಖಾಲಿ ಮಾಡಿ ತೊಳೆದು, ಮತ್ತೆ ತುಂಬುವವರೆಗೆ ಎರಡು ದಿನ ನೀರಿಗೆ ರೇಷನ್. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ನಲ್ಲಿ ಬಿಡುವವನು ನಾನೇ. ಸಾಲಾಗಿ ಬಕೆಟ್ ಇಟ್ಟುಕೊಂಡು ನಿಂತವರನ್ನು ನೋಡಿದರೆ ನಮ್ಮೂರ ಬೀದಿ ನಲ್ಲಿಯೇ ಕಣ್ಣ ಮುಂದೆ ಬಂತು. ಹಿರಿಯ ಅಧಿಕಾರಿ ನನಗೆ ಕೊಟ್ಟ ಶಿಕ್ಷೆ ಸಣ್ಣದು: ಇನ್ನು ಮುಂದೆ ಟ್ಯಾಂಕಿಗೆ ಬಿಡುವ ಮೊದಲು ಪ್ರತಿ ಸಲ ಒಂದು ಲೋಟ ಹಿಡಿದು ಕುಡಿಯಬೇಕು, ಕುಡಿದೆ ಅಂತ ಸಹಿ ಹಾಕಬೇಕು. ಹಡಗು ಬಿಡುವವರೆಗೂ ಹಾಗೇ ಮಾಡಿದೆ.

ಇನ್ನೊಂದು ನೆನಪು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗಸ್ಟ್ ಬಂತು ಅಂದರೆ ಎಲ್ಲ ಒಟ್ಟಿಗೆ ಇಳಿಯುತ್ತವೆ, ಸಮುದ್ರ ಇನ್ನೂ ಪೂರ್ತಿ ಇಳಿದಿರಲ್ಲ. ಅಂಥ ಒಂದು ದಿನ ಆಪತ್ತಿನ ಕರೆ ಬರುವ ರೇಡಿಯೊ ಚಾನೆಲ್ 16ರಲ್ಲಿ ಕರೆ ಬಂತು. ಎಂಜಿನ್ ಕೆಟ್ಟ ದೋಣಿ, ತೇಲಿಕೊಂಡು ಹೋಗುತ್ತಿದೆ. ಹಡಗು ಓಡುತ್ತಿರುವಾಗ ಅಷ್ಟು ಕಷ್ಟ ಇಲ್ಲ. ಹತ್ತಿರ ಹೋಗಿ ನಿಂತೆವು ನೋಡಿ, ತೊಟ್ಟಿಲ ಥರ ತೂಗತೊಡಗಿತು. ನನ್ನ ಹೊಟ್ಟೆ ಬಾಯಿಗೆ ಬಂತು. ನಾಲ್ಕು ವರ್ಷ ಸಮುದ್ರ ನೋಡಿದವನಿಗೂ ಹಾಗೆ ಆಗುತ್ತೆ. ಒಣ ಮಂಡಕ್ಕಿ ಅಗಿಯುತ್ತಾ ಮೆಕ್ಯಾನಿಕ್ ಅಂತ ರಬ್ಬರ್ ಬೋಟಿನಲ್ಲಿ ಹೋದೆ.

ಡೀಸೆಲ್ ಲೈನಿಗೆ ನೀರು ಸೇರಿತ್ತು. ಫಿಲ್ಟರ್ ಬಿಚ್ಚಿ, ಗಾಳಿ ತೆಗೆದು ಎಂಜಿನ್ ಶುರು ಮಾಡಲು ಒಂದೂವರೆ ಗಂಟೆ ಹಿಡಿಯಿತು. ಅವರ ಕುಡಿಯುವ ನೀರು ಹಿಂದಿನ ದಿನವೇ ಮುಗಿದಿತ್ತು. ನಮ್ಮ ಕ್ಯಾನ್ ಕೊಟ್ಟೆವು. ದೋಣಿ ನಡೆಸುವ ತಂಡೇಲರು ಗಟಗಟ ಕುಡಿದು, ಬಾಯಿ ಒರೆಸಿಕೊಂಡು ನನ್ನ ಮುಖ ನೋಡಿದರು. "ಮಾರಾಯ, ನಿಮ್ಮ ನೀರಿಗೆ ರುಚಿಯೇ ಇಲ್ಲವಲ್ಲ!" ನಾನೇ ಮಾಡಿದ ನೀರು ಅಂತ ಹೇಳೋಕೆ ಹೋಗಲಿಲ್ಲ. ಅವರು ಹೇಳಿದ್ದೇನೂ ಸುಳ್ಳಲ್ಲ. ಉಪ್ಪು ತೆಗೆಯುವಾಗ ರುಚಿಯೂ ಹೋಗುತ್ತೆ.

ವರ್ಷಕ್ಕೊಮ್ಮೆ ರಜೆ ಸಿಕ್ಕರೆ ರಾತ್ರಿ ಬಸ್ಸು. ಬಂಟ್ವಾಳದಲ್ಲಿ ಶುರುವಾಗುವ ಹೆದ್ದಾರಿ 75 ಶಿರಾಡಿ ಘಾಟಿ ಹತ್ತಿ, ಹಾಸನ, ಬೆಂಗಳೂರು ದಾಟಿ ನಮ್ಮ ಕೋಲಾರದ ಪಕ್ಕದಲ್ಲೇ ಹೋಗುತ್ತೆ. ಒಂದೇ ನಂಬರಿನ ರಸ್ತೆ. ಮೊದಲ ಸಲ ಬಂದಾಗ ನರಸಾಪುರದ ಕೆರೆ ನೋಡಿ ಬಸ್ಸಿನಲ್ಲೇ ಎದ್ದು ನಿಂತೆ. ತುಂಬಿತ್ತು. 2018ರಲ್ಲಿ ಶುರುವಾದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ದಿನಕ್ಕೆ 44 ಕೋಟಿ ಲೀಟರ್ ಅನ್ನೋದು ಯೋಜನೆಯ ಲೆಕ್ಕ. ಅಂತರ್ಜಲ ಏರಲಿ ಅಂತ, ಕುಡಿಯಲು ಅಲ್ಲ. ಆ ನೀರಿನ ಬಗ್ಗೆ ಊರಲ್ಲಿ ಎರಡು ಪಕ್ಷ ಇದೆ. ನನಗೂ ಎರಡು ಮನಸ್ಸು. ಆದರೆ ಕೆರೆ ತುಂಬಿದ್ದು ನೋಡಿ ಖುಷಿ ಆಗಲಿಲ್ಲ ಅಂದರೆ ಸುಳ್ಳಾಗುತ್ತೆ.

ಹೋದ ಸಲ ರಜೆಗೆ ಬಂದಾಗ ಅಮ್ಮ ಒಂದೇ ವರಾತ. "ಒಂದು ವಾರದಿಂದ ಬೇಳೆ ಬೇಯ್ತಾ ಇಲ್ಲ ಕಣೋ. ಅಂಗಡಿಯವನು ಹಳೇ ಬೇಳೆ ಕೊಟ್ಟಿದಾನೆ." ಕುಕ್ಕರ್ ಆರು ಸೀಟಿ ಹೊಡೆದರೂ ತೊಗರಿಬೇಳೆ ಕಲ್ಲಿನ ಹಾಗೆ. ಕಾಯಿನ್ ಘಟಕದಿಂದ ತಂದ ಕ್ಯಾನಿನಿಂದ ಒಂದು ಲೋಟ ಬಗ್ಗಿಸಿಕೊಂಡು ಕುಡಿದೆ. ನಾಲಿಗೆಯ ಪಕ್ಕ ಹಿಡಿದುಕೊಂಡಿತು.

ಘಟಕದ ಬೀಗದ ಕೈ ಇಟ್ಟುಕೊಂಡವನು ನನ್ನ ಜೊತೆ ಓದಿದವನೇ. ಮೀಟರ್ ನೋಡು, ಎಲ್ಲ ಸರಿ ಇದೆ ಅಂತ ವಾದ ಮಾಡಿದ. ಮೀಟರ್ ಕಡೆ ನಾನು ನೋಡಲಿಲ್ಲ. ಬೋರ್‌ವೆಲ್ ಪೈಪು ಹಿಡಿದುಕೊಂಡು ಯಂತ್ರದ ಹಿಂದೆ ಹೋದೆ. ಜೇಡರ ಬಲೆ, ಅದರ ಹಿಂದೆ ಬೋರ್‌ವೆಲ್ ನೀರನ್ನು ಪೊರೆ ತಪ್ಪಿಸಿ ನೇರ ಬಿಡುವ ಬೈಪಾಸ್ ವಾಲ್ವ್. ಪೂರ್ತಿ ತೆರೆದಿತ್ತು.

"ಹೋದ ವಾರ ಫಿಲ್ಟರ್ ಬದಲಾಯಿಸಿದ್ಯಾ?" ಅಂದೆ.

"ಹೌದು. ನಿಂಗೆ ಯಾರು ಹೇಳಿದ್ರು?"

ವಾಲ್ವ್ ಬಿಗಿಯಾಗಿತ್ತು. ಇಬ್ಬರೂ ಸೇರಿ ತಿರುಗಿಸಿದೆವು.